ಇಳಿದರೆ ಎಂಜಿನ್ ನಿಲ್ಲುತ್ತದೆಯೇ?

ಕಿವಿಯಾರ್ವಿ, ಮಿಶಿಗನ್
ಅಕ್ಟೋಬರ್ 6, 1997

ಶ್ರೀಮತಿ ಹೊವ್ಲಂಡ್ ಅವರಿಗೆ, ನಮಸ್ಕಾರ.

‘ಹಿಮ ಸದ್ದಿಲ್ಲದೆ ಬಂದು ಎಲ್ಲವನ್ನೂ ಕ್ಷಮಿಸುತ್ತದೆ’ ಎಂದೋ, ‘ಎಲ್ಲವನ್ನೂ ಸಮ ಮಾಡುತ್ತದೆ’ ಎಂದೋ ಒಂದು ಸಾಲು ಬೆಳಗಿನಿಂದ ತಲೆಯಲ್ಲಿ ಸುತ್ತುತ್ತಿದೆ. ಎಲ್ಲಿ ಓದಿದ್ದೋ ನೆನಪಿಲ್ಲ. ನಿಜವೆಂದೂ ಅನಿಸುತ್ತಿಲ್ಲ. ನಮ್ಮಲ್ಲಿ ಹಿಮ ಕ್ಷಮಿಸುವುದಿಲ್ಲ, ಬಾಗಿಲಿಗೆ ಅಡ್ಡ ಬಂದು ನಿಲ್ಲುತ್ತದೆ. ಈ ಸಾಲು ಬರೆದವರ ಮನೆಯ ಮುಂದೆ ಹಿಮ ತೆಗೆಯಲು ಬೇರೆ ಯಾರೋ ಇದ್ದಿರಬೇಕು.

ಯಂತ್ರ ಕೊಳ್ಳಲು ಬರೆದ ಕಾಗದದಲ್ಲಿ ಇದೆಲ್ಲ ಏನು ಎಂದುಕೊಳ್ಳಬೇಡಿ. ಕಾಲೇಜಿನಲ್ಲಿ ಸಾಹಿತ್ಯ ಕಲಿಸುತ್ತೇನೆ, ಅಭ್ಯಾಸ ಬಿಡುವುದಿಲ್ಲ. ರೈತರ ಪತ್ರಿಕೆಯಲ್ಲಿ ನಿಮ್ಮ ಜಾಹೀರಾತು ನೋಡಿದೆ: ಸಣ್ಣ ಟ್ರ್ಯಾಕ್ಟರಿನ ಹಿಂದೆ ಜೋಡಿಸುವ ಸ್ನೋಬ್ಲೋವರ್, ಬಳಸಿದ್ದು, ಸುಸ್ಥಿತಿಯಲ್ಲಿದೆ. ಫೋನ್ ನಂಬರ್ ಇರಲಿಲ್ಲ. ಅದಕ್ಕೇ ಈ ಕಾಗದ.

ನಮ್ಮ ಮನೆ ರಸ್ತೆಯಿಂದ ಬಹಳ ಒಳಗಿದೆ. ಇಷ್ಟು ವರ್ಷ ಟ್ರ್ಯಾಕ್ಟರಿನ ಮುಂದಿನ ಬಕೆಟ್ಟಿನಲ್ಲೇ ಹಿಮ ತಳ್ಳುತ್ತಿದ್ದೆವು. ಜನವರಿ ಬರುವಷ್ಟರಲ್ಲಿ ದಾರಿಯ ಎರಡೂ ಬದಿ ಗೋಡೆಯಾಗಿ, ತಳ್ಳಲು ಜಾಗವೇ ಉಳಿಯುವುದಿಲ್ಲ. ತಳ್ಳುವುದಲ್ಲ, ಎತ್ತಿ ದೂರ ಎಸೆಯುವುದೇ ಬೇಕು ಎನ್ನುತ್ತಾನೆ ನನ್ನ ಗಂಡ ರೌನೊ. ಯಂತ್ರಗಳ ವಿಷಯ ಅವನಿಗೆ ಚೆನ್ನಾಗಿ ಗೊತ್ತು.

ನಿಮ್ಮ ಬೆಲೆ ಅಷ್ಟು ಕಡಿಮೆ ಏಕೆ ಎಂದು ಕೇಳಬಹುದೇ?

ವಿಶ್ವಾಸವಿರಲಿ,
ಕೆರ್ತು ಸಲ್ಮೆಲಾ


ಟೊಫ್ಟೆ, ಮಿನ್ನೆಸೋಟ
ಅಕ್ಟೋಬರ್ 13

ಶ್ರೀಮತಿ ಸಲ್ಮೆಲಾ ಅವರಿಗೆ,

ಫೋನ್ ನಂಬರ್ ಕೊಡದಿದ್ದಕ್ಕೆ ಕಾರಣ ಸರಳ. ನನಗೆ ಕಿವಿ ಕೇಳಿಸುವುದಿಲ್ಲ. ಹತ್ತಿರ ನಿಂತು ಕೂಗಿದರೆ ಬಲಗಿವಿಗೆ ಅಷ್ಟಿಷ್ಟು ಮುಟ್ಟುತ್ತದೆ. ಫೋನಿನಲ್ಲಿ ಏನೂ ಇಲ್ಲ. ನಿಮ್ಮ ಕವಿ ಹೇಳಿದಂತೆ ಹಿಮ ಸದ್ದಿಲ್ಲದೆ ಬರುವುದು ನಿಜವಿರಬಹುದು. ನನಗೆ ಈಗ ಎಲ್ಲವೂ ಹಾಗೆಯೇ ಬರುತ್ತವೆ, ಹಾಲಿನವನೂ ಸೇರಿ.

ಬ್ಲೋವರ್ ಐದಡಿ ಅಗಲದ್ದು. ಹಿಮವನ್ನು ಒಳಗೆಳೆಯುವ ಸುರುಳಿ, ಅದನ್ನು ಕೊಳವೆಯಿಂದ ಹೊರಗೆಸೆಯುವ ಫ್ಯಾನು, ಎರಡೂ ಸರಿಯಾಗಿವೆ. ಟ್ರ್ಯಾಕ್ಟರಿನ ಶಾಫ್ಟಿನಿಂದ ತಿರುಗುತ್ತದೆ. ನಡೆಸುವವರು ಹಿಂದೆ ತಿರುಗಿ ನೋಡುತ್ತಾ ರಿವರ್ಸಿನಲ್ಲೇ ಹೋಗಬೇಕು, ಇದು ನಿಮಗೆ ಗೊತ್ತಿರಲಿ. ನನ್ನ ಗಂಡ ಹಾಲ್ವೋರ್ ಫೆಬ್ರವರಿಯಲ್ಲಿ ತೀರಿಕೊಂಡ. ನನಗೆ ಅದು ಬೇಡ. ಬೆಲೆಗೆ ಕಾರಣ ಅಷ್ಟೇ.

ಮೊದಲ ಹಿಮ ಬೀಳುವ ಮುಂಚೆ ಒಯ್ಯುವುದಾದರೆ ಮಾತ್ರ ಕೊಡುತ್ತೇನೆ.

ಒಂದು ಪ್ರಶ್ನೆ. ನಿಮ್ಮ ಗಂಡ ತಾಳ್ಮೆಯವರೇ?

ಗುದ್ರುನ್ ಹೊವ್ಲಂಡ್


ಕಿವಿಯಾರ್ವಿ
ಅಕ್ಟೋಬರ್ 20

ಪ್ರಿಯ ಶ್ರೀಮತಿ ಹೊವ್ಲಂಡ್,

ನಿಮ್ಮ ದುಃಖದಲ್ಲಿ ಕೈಹಾಕಿ ಬೆಲೆ ಕೇಳಿದೆನಲ್ಲ ಎಂದು ನಾಚಿಕೆಯಾಯಿತು. ಜೊತೆಗಿದ್ದವರ ಕೈ ದಿನವೂ ಮುಟ್ಟಿದ ವಸ್ತು ಕಣ್ಣೆದುರು ಇರುವುದು ಎಷ್ಟು ಕಷ್ಟವೆಂದು ಊಹಿಸಬಲ್ಲೆ. ನಾವು ಅದನ್ನು ಪ್ರೀತಿಯಿಂದ ನೋಡಿಕೊಳ್ಳುತ್ತೇವೆ.

ರೌನೊ ತಾಳ್ಮೆಯವನೇ. ಮಂಜುಗಟ್ಟಿದ ಕೆರೆಯ ಮೇಲೆ ತೂತು ಕೊರೆದು ದಿನವಿಡೀ ಗಾಳ ಹಾಕಿ ಕೂತು, ಖಾಲಿ ಬುಟ್ಟಿ ಹಿಡಿದು ನಗುತ್ತಾ ಬರುತ್ತಾನೆ. ನಿಮ್ಮ ಪ್ರಶ್ನೆ ಓದಿ ಹೇಳಿದೆ. ‘ಇಪ್ಪತ್ತು ವರ್ಷ ನಿನ್ನ ಜೊತೆ ಬಾಳಿದ್ದೀನಿ ಅಂತ ಬರಿ, ಆಯಮ್ಮಂಗೆ ಅರ್ಥ ಆಗುತ್ತೆ’ ಅಂದ.

ಬ್ಲೋವರ್ ತರಲು ನಮ್ಮ ನೆರೆಯ ಡೆಲ್ಬರ್ಟ್ ಟ್ರೆವಾರೊ ಟ್ರೇಲರ್ ಕಟ್ಟಿಕೊಂಡು ಬರುತ್ತಾನೆ. ರಸ್ತೆಯ ಹಿಮ ತಳ್ಳುವ ಕೌಂಟಿ ಲಾರಿ ಓಡಿಸುವವನು. ಬಾಯಿ ಜಾಸ್ತಿ, ಮನಸ್ಸು ಒಳ್ಳೆಯದು. ರೌನೊಗೆ ಈಗ ಸ್ವಲ್ಪ ಕೆಲಸವಿರುವುದರಿಂದ ಬರಲಾಗುತ್ತಿಲ್ಲ.

ಕೆರ್ತು ಸಲ್ಮೆಲಾ


ಟೊಫ್ಟೆ
ನವೆಂಬರ್ 3

ಶ್ರೀಮತಿ ಸಲ್ಮೆಲಾ,

ನಿಮ್ಮ ಡೆಲ್ಬರ್ಟ್ ಬಂದು ಯಂತ್ರವನ್ನೂ ನನ್ನ ಅರ್ಧ ಕೇಕನ್ನೂ ಒಯ್ದ. ಬೋಲ್ಟು ಏನಾದರೂ ಇಲ್ಲೇ ಉಳಿದಿದ್ದರೆ ತಿಳಿಸಿ ಎಂದು ಅಡುಗೆಮನೆಯ ಕ್ಯಾಲೆಂಡರಿನ ಮೇಲೆ ತನ್ನ ಫೋನ್ ನಂಬರ್ ದಪ್ಪಗೆ ಬರೆದ. ನಾನು ಫೋನ್ ಮಾಡಲಾರೆ ಎಂದರೂ ಬರೆದ. ಕಿವುಡಿಗೆ ಏನೂ ಗೊತ್ತಾಗುವುದಿಲ್ಲ ಎಂದುಕೊಳ್ಳುವವರು ಇದ್ದಾರೆ. ಅವನು ಹಾಗಲ್ಲ, ಎಲ್ಲವನ್ನೂ ಬಲಗಿವಿಯಲ್ಲಿ ಕೂಗಿ ಹೇಳಿದ. ‘ಕೆರ್ತುನೇ ಓಡ್ಸೋದು ಕಣ್ರೀ! ಪದ್ಯ ಓದ್ಕೊಂಡು ರಿವರ್ಸಲ್ಲಿ ಬರ್ತಾರೆ. ನಮ್ಮೂರಿನ ಅಂಚೆಡಬ್ಬಿಗಳನ್ನ ದೇವ್ರೇ ಕಾಪಾಡ್ಬೇಕು!’

ನಾನು ನಗಲಿಲ್ಲ. ನಿಮ್ಮ ಗಂಡನಿಗೆ ಹೃದಯದ ಆಪರೇಶನ್ ಆಗಿದೆ, ಸಲಿಕೆಯನ್ನೂ ಎತ್ತಬಾರದು ಎಂದು ಅವನಿಂದ ತಿಳಿಯಿತು. ನೀವು ಬರೆದಿರಲಿಲ್ಲ. ಮೊದಲೇ ಬರೆದಿದ್ದರೆ ನಾನು ಕೊಡುತ್ತಿದ್ದೆನೋ ಇಲ್ಲವೋ.

ಇದಕ್ಕೆ ಮಾತ್ರ ಉತ್ತರ ಬರೆಯಿರಿ. ಬ್ಲೋವರ್ ತಿರುಗುತ್ತಿರುವಾಗ ನೀವು ಸೀಟಿನಿಂದ ಇಳಿದರೆ ಟ್ರ್ಯಾಕ್ಟರಿನ ಎಂಜಿನ್ ನಿಲ್ಲುತ್ತದೆಯೇ?

ತಡ ಮಾಡಬೇಡಿ.

ಗುದ್ರುನ್ ಹೊವ್ಲಂಡ್


ಕಿವಿಯಾರ್ವಿ
ಡಿಸೆಂಬರ್ 14

ಪ್ರಿಯ ಗುದ್ರುನ್ ಅವರೇ,

ತಡವಾಯಿತು. ನಿಮ್ಮ ಕಾಗದ ಓದಿ ಮೊದಲು ಕೋಪ ಬಂತು. ಹೆಂಗಸೊಬ್ಬಳು ಯಂತ್ರ ನಡೆಸುತ್ತಾಳೆಂದರೆ ಇನ್ನೊಬ್ಬ ಹೆಂಗಸಿಗೂ ನಂಬಿಕೆಯಿಲ್ಲವೇ ಎನಿಸಿತು. ಆಮೇಲೆ ಹಿಮ ಶುರುವಾಯಿತು, ಕೋಪಕ್ಕೆ ಬಿಡುವಿಲ್ಲದಂತಾಯಿತು. ಹೆಸರು ಹಿಡಿದು ಕರೆಯುತ್ತಿದ್ದೇನೆ, ಬೇಸರ ಬೇಡ. ಇದನ್ನೆಲ್ಲ ಹೇಳಿಕೊಳ್ಳಲು ನನಗೆ ಬೇರೆ ಯಾರೂ ಇಲ್ಲ. ಇಲ್ಲಿರುವವರೆಲ್ಲ ನನ್ನ ಮುಖ ನೋಡಿ ರೌನೊ ಹೇಗಿದ್ದಾನೆಂದು ಅಳೆಯುತ್ತಾರೆ.

ನಾನು ಹೆದರಿದ್ದೇನೆ. ಬೆಳಗ್ಗೆ ಎದ್ದ ಕೂಡಲೆ ಕಿಟಕಿಯ ಹತ್ತಿರ ಹೋಗಿ ದಾರಿ ನೋಡುತ್ತೇನೆ, ಆಮೇಲೆ ರೌನೊನ ಉಸಿರು ಕೇಳುತ್ತೇನೆ. ಎರಡರಲ್ಲಿ ಯಾವುದು ಮೊದಲು ಕಟ್ಟುತ್ತದೋ ಎಂಬ ಭಯ. ‘ದಾರಿ ಸದಾ ತೆರೆದಿರಲಿ, ಆಂಬುಲೆನ್ಸ್ ಬರುವ ಹಾಗಿರಲಿ’ ಎಂದಿದ್ದಾರೆ ಡಾಕ್ಟರು. ಅವರು ಅದನ್ನು ‘ಉಪ್ಪು ಕಡಿಮೆ ಮಾಡಿ’ ಎನ್ನುವ ಧ್ವನಿಯಲ್ಲೇ ಹೇಳಿದರು. ಇಲ್ಲಿ ನಮ್ಮಿಬ್ಬರ ದಡಗಳ ನಡುವಿನ ದೊಡ್ಡ ಸರೋವರದ ಮೇಲಿಂದ ಗಾಳಿ ತಿರುಗಿತೆಂದರೆ, ಮಧ್ಯಾಹ್ನ ಊಟ ಮುಗಿಸಿ ಏಳುವಷ್ಟರಲ್ಲಿ ತೆಗೆದ ದಾರಿ ಮತ್ತೆ ಮುಚ್ಚಿರುತ್ತದೆ. ಕೌಂಟಿ ಲಾರಿಯವರು ಯಾರ ಮನೆಯ ದಾರಿಗೂ ಇಳಿಯುವಂತಿಲ್ಲ. ಹಾದುಹೋಗುವಾಗ ದಾರಿಯ ಬಾಯಿಗೆ ಇನ್ನೊಂದು ದಿಬ್ಬ ಹಾಕಿ ಹೋಗುತ್ತಾರೆ, ಡೆಲ್ಬರ್ಟ್ ಆದರೂ ಅಷ್ಟೇ. ಮರುದಿನ ಬಂದು ‘ನಿಮ್ಗೆ ಅಂತ ಸ್ವಲ್ಪ ಜಾಸ್ತಿನೇ ಹಾಕಿದ್ದೆ’ ಎಂದು ನಗುತ್ತಾನೆ.

ರೌನೊ ಅಡುಗೆಮನೆಯ ಕಿಟಕಿಯಲ್ಲಿ ಕೂತು ನನಗೆ ಕಲಿಸಿದ. ಕಿಟಕಿ ಎತ್ತಿ ಕೂಗುವುದು: ‘ಎಡಕ್ಕೆ ಕಣೇ! ನಿನ್ನ ಎಡ ಅಲ್ಲ, ಟ್ರ್ಯಾಕ್ಟರಿನ ಎಡ!’ ಹಿಂದಕ್ಕೇ ನೋಡಿ ನೋಡಿ ಕುತ್ತಿಗೆ ಉಳುಕಿತು ಎಂದೆ. ‘ಹಾಗಾದ್ರೆ ಎದ್ದು ನಿಂತ್ಕೊಂಡು ನೋಡು. ಏನೂ ಆಗಲ್ಲ, ಅದಕ್ಕೆ ನಾನು ಆವಾಗಲೇ ವ್ಯವಸ್ಥೆ ಮಾಡಿಟ್ಟಿದ್ದೀನಿ’ ಎಂದ. ಈಗ ನಿಂತೇ ಓಡಿಸುತ್ತೇನೆ, ಹಡಗಿನ ಕ್ಯಾಪ್ಟನ್ ಹಾಗೆ.

ನಿಮ್ಮ ಹಾಲ್ವೋರ್ ಇದನ್ನು ಎಷ್ಟು ಅಕ್ಕರೆಯಿಂದ ಇಟ್ಟಿದ್ದರೆಂದು ಕಾಣುತ್ತದೆ. ಉಳಿದೆಲ್ಲ ಕಡೆ ಬಣ್ಣ ಮಾಸಿದೆ, ಕೊಳವೆಗೆ ಮಾತ್ರ ಹೊಸ ಕಿತ್ತಳೆ ಬಣ್ಣ, ಒಳಗಿನ ತನಕ. ಹೋಗುವ ಮುಂಚೆ ಅವರು ಮಾಡಿದ ಕೊನೆಯ ಕೆಲಸವಿರಬೇಕು ಎಂದುಕೊಂಡೆ. ಬೆಳಗಿನ ಬಿಸಿಲಿನಲ್ಲಿ ಅದೊಂದೇ ಹೊಳೆಯುತ್ತದೆ.

ನಿಮ್ಮ ಪ್ರಶ್ನೆಗೆ ಉತ್ತರ: ಖಂಡಿತ ನಿಲ್ಲುವುದಿಲ್ಲ. ಎಂಜಿನ್ ಗಟ್ಟಿಯಾಗಿದೆ. ಬ್ಯಾಟರಿ ಮಾತ್ರ ಹಳೆಯದು, ಚಳಿಯಲ್ಲಿ ಒಮ್ಮೆ ಆರಿಸಿದರೆ ಮತ್ತೆ ಹೊತ್ತುವುದಿಲ್ಲ. ಮೊದಲ ವಾರ ಹಾಗಾಗಿ ಡೆಲ್ಬರ್ಟ್ ಬರಬೇಕಾಯಿತು. ಬ್ಲೋವರ್ ನಿಲ್ಲಿಸುವ ಶಾಫ್ಟಿನ ಸನ್ನೆಯೂ ಬಿಗಿ, ಎರಡೂ ಕೈಯಲ್ಲಿ ಎಳೆದರೂ ಜಪ್ಪಯ್ಯ ಎನ್ನುವುದಿಲ್ಲ. ಅದಕ್ಕೇ ಈಗ ಏನನ್ನೂ ಆರಿಸುವುದಿಲ್ಲ. ಹಸಿ ಹಿಮ ಕೊಳವೆಯಲ್ಲಿ ಕಟ್ಟಿಕೊಂಡರೆ ಇಳಿದು ಹೋಗಿ ಪೊರಕೆಯ ಹಿಡಿಯಿಂದ ತಿವಿದು ಬರುತ್ತೇನೆ. ಎಂಜಿನ್ ಪಾಪ, ನಿಲ್ಲದೆ ನನಗಾಗಿ ಕಾಯುತ್ತದೆ. ‘ಕಟ್ಟಿಕೊಂಡ್ರೆ ಎಲ್ಲಾ ಆಫ್ ಮಾಡು’ ಎಂದಿದ್ದ ರೌನೊ. ಮಾಡುತ್ತಿದ್ದೇನೆ ಎಂದೇ ಅವನಿಗೆ ಹೇಳಿದ್ದೇನೆ. ಹೆಚ್ಚಾಗಿ ಕಟ್ಟಿಕೊಳ್ಳುವುದು ದಾರಿಯ ತಿರುವಿನಲ್ಲಿ, ಅದು ಕಿಟಕಿಯಿಂದ ಕಾಣುವುದಿಲ್ಲ. ಅವನ ಎದೆಗೆ ಇನ್ನೊಂದು ಚಿಂತೆ ಏಕೆ?

ಕ್ರಿಸ್‌ಮಸ್ಸಿಗೆ ಒಂದು ಏಲಕ್ಕಿ ಬ್ರೆಡ್ಡು ಕಳಿಸುತ್ತಿದ್ದೇನೆ. ಗಟ್ಟಿಯಾಗಿದ್ದರೆ ಕಾಫಿಯಲ್ಲಿ ಅದ್ದಿಕೊಳ್ಳಿ.

ನಿಮ್ಮ,
ಕೆರ್ತು


ಟೊಫ್ಟೆ
ಜನವರಿ 8, 1998

ಕೆರ್ತು,

ಕ್ರಿಸ್‌ಮಸ್ಸಿಗೆ ಮಗಳ ಮನೆಗೆ ಡುಲೂತ್‌ಗೆ ಹೋಗಿದ್ದೆ. ಇಂದು ಬಂದೆ. ನಿನ್ನ ಕಾಗದ ಇಷ್ಟು ದಿನ ಡಬ್ಬಿಯಲ್ಲೇ ಬಿದ್ದಿತ್ತು. ಕೋಟು ಬಿಚ್ಚದೆ ಬರೆಯುತ್ತಿದ್ದೇನೆ. ನೀನು ಎಂದು ಬರೆದದ್ದಕ್ಕೆ ಕ್ಷಮಿಸಬೇಡ, ಹಾಗೇ ಓದು.

ಇಳಿಯಬೇಡ. ಬ್ಲೋವರ್ ತಿರುಗುತ್ತಿರುವಾಗ ಇಳಿಯಬೇಡ.

ಎಂಜಿನ್ ನಿಲ್ಲಬೇಕು. ಸೀಟಿನ ಕೆಳಗೆ ಒಂದು ಸ್ವಿಚ್ ಇರುತ್ತದೆ. ಶಾಫ್ಟು ತಿರುಗುವಾಗ ಮೈಭಾರ ಸೀಟಿನಿಂದ ಎದ್ದರೆ ಅದು ಎಂಜಿನ್ ಆರಿಸಬೇಕು, ಅದಕ್ಕೇ ಇಟ್ಟಿದ್ದಾರೆ. ಹಿಂದೆ ತಿರುಗಿ ನೋಡಲು ಎದ್ದಾಗೆಲ್ಲ ಎಂಜಿನ್ ನಿಲ್ಲುತ್ತದೆಂದು ಈ ಗಂಡಸರು ಅದಕ್ಕೆ ಒಂದು ತುಂಡು ವೈರು ಸಿಕ್ಕಿಸುತ್ತಾರೆ. ಸೀಟಿನ ಮೇಲೆ ಯಾರೋ ಕೂತಿದ್ದಾರೆಂದು ಟ್ರ್ಯಾಕ್ಟರಿಗೆ ಸುಳ್ಳು ಹೇಳುವ ವೈರು. ನಿನ್ನ ಗಂಡ ಮಾಡಿಟ್ಟಿರುವ ವ್ಯವಸ್ಥೆ ಅದೇ. ನನ್ನ ಗಂಡನೂ ಅದನ್ನೇ ಮಾಡಿದ್ದ. ಈ ದಂಡೆಯಲ್ಲಿ ಎಲ್ಲರೂ ಮಾಡುತ್ತಾರೆ, ಒಬ್ಬರ ವೈರು ನೋಡಿ ಇನ್ನೊಬ್ಬರು.

ಹಾಲ್ವೋರ್ ಕಾಯಿಲೆಯಿಂದ ಸಾಯಲಿಲ್ಲ. ಹಸಿ ಹಿಮ ಕಟ್ಟಿಕೊಂಡಿತ್ತು. ಇಳಿದು ಕೋಲಿನಿಂದ ತಿವಿದ. ಗಡ್ಡೆ ಸಡಿಲವಾದ ಕೂಡಲೆ ಫ್ಯಾನು ಕೋಲನ್ನು ಎಳೆದುಕೊಂಡಿತು, ಕೋಲಿನ ಹಿಂದೆ ಕೋಟಿನ ತೋಳು. ನಾನು ಅಡುಗೆಮನೆಯಲ್ಲಿ ಮೀನು ಹೆಚ್ಚುತ್ತಿದ್ದೆ. ಅವನು ಕೂಗಿರಬೇಕು, ಕೆರ್ತು. ಎಷ್ಟು ಹೊತ್ತು ಕೂಗಿದನೋ ನನಗೆ ಗೊತ್ತಿಲ್ಲ. ನನಗೆ ಕೇಳಿಸಲಿಲ್ಲ. ಊಟಕ್ಕೆ ಕರೆಯಲು ಹೊರಗೆ ಹೋದೆ.

ಕೊಳವೆಯ ಬಣ್ಣ ಅವನು ಬಳಿದದ್ದಲ್ಲ. ನಾನು ಬಳಿದದ್ದು.

ಗುಜರಿಗೆ ಹಾಕಬೇಕಿತ್ತು. ಕಬ್ಬಿಣ ಏನು ತಪ್ಪು ಮಾಡಿತು, ಯಾರಿಗಾದರೂ ಬೇಕಿರುತ್ತದೆ ಎಂದುಕೊಂಡೆ. ನಿಜ ಬರೆದರೆ ಯಾರೂ ಒಯ್ಯುವುದಿಲ್ಲ, ಇನ್ನೊಂದು ಚಳಿಗಾಲ ಅದು ಶೆಡ್ಡಿನಲ್ಲಿ ನನ್ನನ್ನು ನೋಡುತ್ತಾ ಕೂರುತ್ತದೆ ಎಂಬ ಹೆದರಿಕೆಯೂ ಇತ್ತು. ಅದಕ್ಕೇ ಸುತ್ತಿ ಬಳಸಿ ಕೇಳಿದೆ, ತಾಳ್ಮೆಯವರೇ ಎಂದು, ಎಂಜಿನ್ ನಿಲ್ಲುತ್ತದೆಯೇ ಎಂದು.

ಆ ವೈರು ಕಿತ್ತುಹಾಕು. ಹೊಸ ಬ್ಯಾಟರಿ ತರಿಸು. ಕಟ್ಟಿಕೊಂಡರೆ ಎಲ್ಲ ಆರಿಸಿ, ಕೀಲಿ ನಿನ್ನ ಜೇಬಿಗೆ ಹಾಕಿಕೊಂಡು, ತಿರುಗುವುದೆಲ್ಲ ನಿಂತಿತೆಂದು ಕಣ್ಣಾರೆ ಕಂಡ ಮೇಲೆ ಮಾತ್ರ ಹತ್ತಿರ ಹೋಗು. ಆಗಲೂ ಕೋಲು ಮಾತ್ರ, ಕೈ ಬೇಡ.

ನಾಳೆ ಸರೋವರ ದಾಟಿ ನಿಮ್ಮ ಕಡೆಗೆ ದೊಡ್ಡ ಹಿಮ, ಮೊದಲು ಹಸಿಯಾಗಿ ಬೀಳುತ್ತದೆ ಎಂದು ಪೇಪರಿನಲ್ಲಿದೆ. ಈ ಕಾಗದ ಹಿಮಕ್ಕಿಂತ ಮೊದಲು ನಿನ್ನನ್ನು ಮುಟ್ಟುವುದಿಲ್ಲ. ಗೋಡೆಯ ಮೇಲೆ ಫೋನಿದೆ. ಹಾಲ್ವೋರ್ ಹೋದ ಮೇಲೆ ಅದನ್ನು ನಾನು ಮುಟ್ಟಿಲ್ಲ.

ಗುದ್ರುನ್


ಮಾರ್ಕೆಟ್ ಪಟ್ಟಣದ ಆಸ್ಪತ್ರೆ, ಮಿಶಿಗನ್
ಜನವರಿ 16

ಗುದ್ರುನ್,

ರೌನೊ ಬದುಕಿದ್ದಾನೆ. ನನ್ನ ಎರಡು ಕೈಗಳೂ ಇವೆ, ಒಂದರಲ್ಲಿ ಬರೆಯುತ್ತಿದ್ದೇನೆ. ಇದನ್ನು ಮೊದಲು ಹೇಳಿಬಿಡಬೇಕು.

ಆಸ್ಪತ್ರೆಯಿಂದ ಬರೆಯುತ್ತಿದ್ದೇನೆ. ಹಿಮ ನಿಂತ ಮೇಲೆ ಅಂಚೆ ಬಂತು, ನಿಮ್ಮ ಎಂಟನೇ ತಾರೀಖಿನ ಕಾಗದವನ್ನು ಡೆಲ್ಬರ್ಟ್ ಇವತ್ತು ತಂದುಕೊಟ್ಟ. ಕಾರಿಡಾರಿನಲ್ಲಿ ನಿಂತು ಓದಿದೆ. ಕೊಳವೆಯ ಬಣ್ಣದ ಸಾಲನ್ನು ಎರಡು ಸಲ ಓದಿದೆ. ಅದರ ಹೊಳಪಿನ ಬಗ್ಗೆ ನಿಮಗೆ ನಾನು ಬರೆದಿದ್ದೆನಲ್ಲ.

ಅದರಲ್ಲಿ ಅರ್ಧವನ್ನು ರೌನೊಗೆ ಓದಿ ಹೇಳಿದೆ, ಇನ್ನರ್ಧ ಮಡಚಿಟ್ಟೆ. ‘ಎಲ್ಲರ ಟ್ರ್ಯಾಕ್ಟರಲ್ಲೂ ಇದೆ ಕಣೇ ಆ ವೈರು’ ಎಂದ. ‘ಎಲ್ಲರದ್ರಲ್ಲೂ ಇತ್ತು’ ಎಂದ ಡೆಲ್ಬರ್ಟ್. ‘ನಿನ್ದೂ ಕಿತ್ತೆ, ನನ್ದೂ ಕಿತ್ತೆ. ನನ್ ವೈರಿಗೆ ಸುತ್ತಿದ್ದ ಟೇಪ್ ಇನ್ನೂ ಹೊಸ್ದಾಗಿತ್ತು, ಹೊಟ್ಟೆ ಉರೀತು.’ ರೌನೊ ನಗಲು ಹೋಗಿ ಎದೆ ಹಿಡಿದುಕೊಂಡ. ನರ್ಸ್ ಬಂದು ನಮ್ಮಿಬ್ಬರನ್ನೂ ಹೊರಗೆ ಕಳಿಸಿದಳು.

ಈಗ ಆ ದಿನದ್ದು ಬರೆಯಬೇಕು. ನಿಮಗಲ್ಲದೆ ಇನ್ನಾರಿಗೆ ಬರೆಯಲಿ?

ಒಂಬತ್ತನೇ ತಾರೀಖು ಬೆಳಗ್ಗೆ ಪೇಪರಿನವರು ಹೇಳಿದ ಹಾಗೇ ಬಂತು, ಹಸಿಯಾಗಿ, ಹಿಟ್ಟಿನ ಮುದ್ದೆಯಂತೆ. ರೌನೊ ಕಾಫಿ ಲೋಟ ಕೆಳಗಿಟ್ಟು, ‘ಯಾಕೋ ತೋಳು ಭಾರ’ ಎಂದ. ಮುಖ ಬೂದಿಯಾಗಿತ್ತು. ಆಂಬುಲೆನ್ಸಿಗೆ ಫೋನ್ ಮಾಡಿದೆ. ‘ರಸ್ತೆ ತನಕ ಬರ್ತೀವಿ, ಒಳಗಿನ ದಾರಿ ತೆಗೆದಿದ್ದೀರಾ?’ ಎಂದರು. ತೆಗೆದಿದೆ ಎಂದೆ. ತೆಗೆದಿರಲಿಲ್ಲ.

ಅವನನ್ನು ಕುರ್ಚಿಯಲ್ಲಿ ಕೂರಿಸಿ, ಕಂಬಳಿ ಹೊದಿಸಿ ಹೊರಗೆ ಓಡಿದೆ. ಪುಣ್ಯಕ್ಕೆ ಟ್ರ್ಯಾಕ್ಟರ್ ಹೊತ್ತಿಕೊಂಡಿತು. ನಿಂತುಕೊಂಡೇ ಓಡಿಸಿದೆ. ತಿರುವಿನ ತನಕವೂ ಹೋಗಿರಲಿಲ್ಲ, ಕೊಳವೆ ಕಟ್ಟಿಕೊಂಡಿತು. ಹಿಮ ಚಿಮ್ಮುವುದು ನಿಂತು ಒಳಗೆ ಏನೋ ಗುರುಗುಟ್ಟತೊಡಗಿತು. ಇಳಿದೆ, ಗುದ್ರುನ್. ಪೊರಕೆ ಹಿಡಿ ಅದರ ಜಾಗದಲ್ಲಿರಲಿಲ್ಲ, ಹಿಂದಿನ ದಿನ ಒಳಗೆ ತಂದಿಟ್ಟಿದ್ದೆ. ಕೈಗವಸು ಹಾಕಿದ ಕೈಯನ್ನೇ ಹಾಕಿಬಿಡೋಣ, ಒಂದು ಮುಷ್ಟಿ ಹಿಮ ತಾನೇ ಎಂದುಕೊಂಡೆ. ಕಿತ್ತಳೆ ಬಾಯಿಯ ಅಂಚು ಹಿಡಿದುಕೊಂಡೂ ಇದ್ದೆ. ಯಂತ್ರದ ನಡುಕ ಭುಜದ ತನಕ ಬಂತು. ಯಾಕೆ ಕೈ ಹಾಕಲಿಲ್ಲವೋ ಹೇಳಲಾರೆ. ಧೈರ್ಯವೂ ಅಲ್ಲ, ಬುದ್ಧಿಯೂ ಅಲ್ಲ. ರೌನೊ ಹೇಗಿದ್ದಾನೋ ಒಮ್ಮೆ ನೋಡಿ, ಪೊರಕೆಯನ್ನೂ ತಂದರಾಯಿತು ಎನಿಸಿತು, ಅಷ್ಟೇ.

ಎಂಜಿನ್ ಓಡುತ್ತಾ ಇರಲೆಂದು ಬಿಟ್ಟು ಒಳಗೆ ಓಡಿದೆ. ರೌನೊ ಕಣ್ಣು ಮುಚ್ಚಿದ್ದ. ‘ಬಂದ್ರಾ?’ ಎಂದ. ‘ಬಂದ್ರು, ಬಂದ್ರು’ ಎಂದೆ. ಪೊರಕೆ ತೆಗೆದುಕೊಂಡು ತಿರುಗಿದೆ.

ಅಷ್ಟರಲ್ಲಿ ಹೊರಗಿನ ಸದ್ದು ನಿಂತುಹೋಯಿತು.

ನನ್ನ ಬದುಕಿನಲ್ಲಿ ಅಷ್ಟು ಹೆದರಿದ್ದಿಲ್ಲ. ಎಂಜಿನ್ ಆರಿದೆ, ಇನ್ನು ಹೊತ್ತುವುದಿಲ್ಲ, ದಾರಿ ಹೀಗೇ ಉಳಿಯುತ್ತದೆ, ಈ ಕುರ್ಚಿಯಲ್ಲೇ ಎಲ್ಲ ಮುಗಿಯುತ್ತದೆ. ಹಿಮ ಬೀಳುತ್ತಲೇ ಇತ್ತು, ಒಂದಿಷ್ಟೂ ಸದ್ದಿಲ್ಲದೆ. ಆ ಹಾಳು ಸಾಲಿನಲ್ಲಿ ಅಷ್ಟು ಭಾಗ ನಿಜ.

ಮುಂದಿನದು ಡೆಲ್ಬರ್ಟ್ ಮಾಡಿದ್ದು. ಮೊದಲು ಗಡ್ಡೆ ತೆಗೆದು, ರಸ್ತೆಯಲ್ಲಿ ಬಿಟ್ಟಿದ್ದ ತನ್ನ ಪಿಕಪ್ಪಿನ ಬ್ಯಾಟರಿ ಬಿಚ್ಚಿ ತಂದು ಟ್ರ್ಯಾಕ್ಟರ್ ಮತ್ತೆ ಹೊತ್ತಿಸಿದ. ಉಳಿದ ದಾರಿಯನ್ನು ರಸ್ತೆಯ ತನಕ ಅವನೇ ಬಿಡಿಸಿದ, ಸೀಟಿನಿಂದ ಒಂದಿಂಚೂ ಏಳದೆ. ಆಂಬುಲೆನ್ಸ್ ದಾರಿಯ ಬಾಯಲ್ಲಿ ಕಾಯುತ್ತಿತ್ತು, ಅವನ ಹಿಂದೆಯೇ ಒಳಗೆ ಬಂತು. ಇನ್ನು ಸ್ವಲ್ಪ ತಡವಾಗಿದ್ದರೆ ಎಂದು ಇಲ್ಲಿಯ ಡಾಕ್ಟರು ಶುರುಮಾಡಿದರು, ನಾನು ಮುಂದೆ ಕೇಳಿಸಿಕೊಳ್ಳಲಿಲ್ಲ.

ಆದರೆ ನಿಮಗೆ ಹೇಳಬೇಕಾದದ್ದು ಅದಕ್ಕಿಂತ ಮೊದಲಿನದು. ನೀವು ಅಂದು ಫೋನಿನ ಮುಂದೆ ನಿಂತು ಮಾತಾಡಿದಿರಿ. ಆ ಕಡೆ ಯಾರಾದರೂ ಎತ್ತಿದರೋ, ಕೇಳಿಸಿಕೊಂಡರೋ, ನಿಮಗೆ ತಿಳಿಯುವ ದಾರಿಯೇ ಇರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಪೊರಕೆ ಹಿಡಿದು ಬಾಗಿಲು ತೆಗೆದೆ. ಮೆಟ್ಟಿಲ ಮೇಲೆ ಡೆಲ್ಬರ್ಟ್ ನಿಂತಿದ್ದ. ಸೊಂಟದ ತನಕ ಹಿಮ, ತಲೆಗೆ ಟೋಪಿಯಿಲ್ಲ, ಏದುಸಿರು. ಕೈಯಲ್ಲಿ ನಮ್ಮ ಟ್ರ್ಯಾಕ್ಟರಿನ ಕೀಲಿ. ನನ್ನ ಕೈಯಿಂದ ಪೊರಕೆ ಕಿತ್ತುಕೊಂಡು, ನನ್ನ ಕೈಗಳನ್ನು ಒಂದೊಂದಾಗಿ ತಿರುಗಿಸಿ ನೋಡಿ, ಆಮೇಲೆ ಹೇಳಿದ:

‘ಸರೋವರದ ಆಚೆ ದಡದ ಆ ಕೇಕ್ ಅಜ್ಜಿ ಫೋನ್ ಮಾಡಿದ್ರು ಕಣ್ರೀ. ಹಲೋ ಅಂದ್ರೂ ಕೇಳ್ಸಲ್ಲ, ಆಯ್ತು ಹೋಗ್ತೀನಿ ಅಂದ್ರೂ ಕೇಳ್ಸಲ್ಲ. “ಅವಳಿಗೆ ಇಳೀಬೇಡ ಅಂತ ಹೇಳಿ, ಅವಳಿಗೆ ಇಳೀಬೇಡ ಅಂತ ಹೇಳಿ” ಅಂತ ಒಂದೇ ಸಮ ಹೇಳ್ತಾನೇ ಇದ್ರು. ಮಾತು ಕತ್ತರಿಸೋಕೆ ಮನಸ್ಸಾಗ್ಲಿಲ್ಲ, ಫೋನನ್ನ ಹಂಗೇ ಮೇಜಿನ ಮೇಲೆ ಬಿಟ್ಟು ಓಡ್ಬಂದೆ. ಇನ್ನೂ ಹೇಳ್ತಾನೇ ಇರ್ಬೇಕು, ಪಾಪ.’